ಪರರ ನೆರವೂ ಊರಿನ ಅರಿವೂ

ಲೋಕಾರೋಗ್ಯದ ಸೇವೆಗೆಂದು ಸ್ಥಾಪಿತವಾದ ಅಂತರರಾಷ್ಟ್ರೀಯ ಧರ್ಮಾರ್ಥ ಸಂಸ್ಥೆಗಳು ಔಷಧ ಹಂಚುವುದರಲ್ಲಿಯೇ ತೃಪ್ತಿಗೊಳ್ಳದೆ, ಗ್ರಾಮಸ್ಥರಿಗೆ ಆರೋಗ್ಯದ ತಿಳಿವಳಿಕೆ ಕೊಡುವ ಕಲಿಕಾ ಕೇಂದ್ರಗಳನ್ನೂ ತೆರೆಯುವ ಪದ್ಧತಿ ಬೆಳೆದಿದೆ. ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹಾದಿಯಲ್ಲಿರುವ, ಹುಲಿ ಸಿಂಹಗಳ ಧಾಮದಿಂದ ಹೆಸರಾದ ತ್ಯಾವರೆಕೊಪ್ಪದಂತಹ ಕಾಡಂಚಿನ ಊರಿಗೆ ಅಂತಹುದೊಂದು ಕೇಂದ್ರ ಬರುವುದಾದರೆ ನಮ್ಮ ಜನ ಅದನ್ನು ಹೇಗೆ ಕಾಣಬೇಕು? ಹೊರಗಿನವರದೆಂಬ ಒಂದೇ ಕಾರಣಕ್ಕೆ ತಿರಸ್ಕರಿಸುವುದು ಅವಿವೇಕ. ಪುಕ್ಕಟೆಯಾಗಿ ಬಂದಿತೆಂದು ಕಣ್ಣು ಮುಚ್ಚಿ ಸ್ವೀಕರಿಸುವುದು ಅದಕ್ಕಿಂತಲೂ ದೊಡ್ಡ ಅವಿವೇಕ. ನೆರವನ್ನು ಪಡೆಯೋಣ, ಆದರೆ ಅದು ಎಂದು, ಯಾರ ಕೈಗೆ ಬರತಕ್ಕದ್ದೆಂಬುದನ್ನು ಮೊದಲ ದಿನವೇ ಬರೆಯಿಸಿಕೊಂಡು ಪಡೆಯೋಣವೆಂಬುದು ನಮ್ಮ ಅಭಿಪ್ರಾಯ.

ಇಂತಹ ಕೇಂದ್ರದ ಅಗತ್ಯ ಮಲೆನಾಡಿಗೆ ಇದೆಯೇ ಎಂದು ಕೇಳುವವರು ಮಂಗನ ಕಾಯಿಲೆಯ ಚರಿತ್ರೆಯನ್ನು ನೆನೆಯಬೇಕು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದುವು. ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದರು. ವೈದ್ಯಶಾಸ್ತ್ರವು ಆ ಕಾಡಿನ ಹೆಸರನ್ನೇ ರೋಗಕ್ಕೆ ಇಟ್ಟಿತು. ಆರು ದಶಕಗಳು ಕಳೆದ ಮೇಲೂ, ೨೦೧೯ರ ಆದಿಯಲ್ಲಿ, ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಹಲವರು ಅದಕ್ಕೆ ಬಲಿಯಾದರು. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡದೆಂದು ಕಂಡುಬಂದು ೨೦೨೨ರಲ್ಲಿ ನಿಂತುಹೋಯಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಆ ವಿಷಾಣುವಿಗೆ ನೇರವಾದ ಔಷಧವಿಲ್ಲ. ಹೀಗಿರುವಾಗ ದರಕು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗಲೇಬೇಕಾದ ಬಡವರನ್ನು ಕಾಯತಕ್ಕದ್ದು ಮುಖ್ಯವಾಗಿ ತಿಳಿವಳಿಕೆಯೇ. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಆ ನೆಲದಲ್ಲಿಯೇ ಹರಡುವುದರಿಂದ ಅತ್ತ ಸುಳಿಯದೆ ಒಡನೆ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಬೇಕು; ಕಾಡಿಗೆ ಹೊರಡುವ ಮೊದಲು ಕೈಕಾಲುಗಳಿಗೆ ಡೇಪಾ ತೈಲ ಹಚ್ಚಿಕೊಳ್ಳಬೇಕು; ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಉಟ್ಟ ಬಟ್ಟೆಯನ್ನು ಒಗೆಯಬೇಕು; ಜ್ವರ ಬಂದರೆ ರಕ್ತಪರೀಕ್ಷೆಗೆ ತಡಮಾಡಬಾರದು. ಇಷ್ಟನ್ನು ಕಲಿಸಲು ಗೋಡೆಗೆ ಅಂಟಿಸಿದ ಒಂದು ಚಿತ್ರಪಟ ಸಾಲದು. ಚಳಿಗಾಲ ಬಂತೆಂದರೆ ಜನರನ್ನು ಕೂಡಿಸಿ, ವರ್ಷವರ್ಷವೂ ಬೇಸರಿಸದೆ ಹೇಳುವವರು ಊರಿನಲ್ಲಿಯೇ ಇರಬೇಕು.

ಹೊರಗಿನ ನೆರವು ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನವು ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ೧೯೨೯ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕವನ್ನೂ, ಮುಂದಿನ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಆರೋಗ್ಯ ಸಿಬ್ಬಂದಿಯ ಶಿಕ್ಷಣ ಕೇಂದ್ರವನ್ನೂ ತೆರೆಯಿತು. ದಾನಿಯ ಪಾಲು ಕ್ರಮೇಣ ಇಳಿದು ಸರ್ಕಾರದ ಪಾಲು ಏರುತ್ತ ಹೋಗಬೇಕೆಂಬುದು ಆ ಪ್ರತಿಷ್ಠಾನದ ಸಾಮಾನ್ಯ ಪದ್ಧತಿ. ಕ್ಯಾಸನೂರಿನ ವಿಷಾಣುವನ್ನು ಗುರುತಿಸಿದ ಪುಣೆಯ ಸಂಶೋಧನಾಲಯವೂ ೧೯೫೨ರಲ್ಲಿ ಅದೇ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗಳ ಜಂಟಿ ಪ್ರಯತ್ನದಿಂದ ಹುಟ್ಟಿತು. ೧೯೭೮ರಲ್ಲಿ ಅದಕ್ಕೆ ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆಯೆಂಬ ಹೆಸರಾಯಿತು. ೨೦೨೦ರಲ್ಲಿ ಕೋವಿಡ್ ಬಂದಾಗ ದೇಶಕ್ಕೆ ಆಸರೆಯಾಗಿ ನಿಂತಿತು. ದಾನಿ ಹಿಂದೆ ಸರಿದರೂ ವಿದ್ಯೆ ನಮ್ಮಲ್ಲಿ ಉಳಿದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇದಕ್ಕೆ ವಿರುದ್ಧವಾದ ಪಾಠವನ್ನು ೨೦೨೫ನೆಯ ವರ್ಷ ಕಲಿಸಿದೆ. ಆ ಜನವರಿಯಲ್ಲಿ ಅಮೆರಿಕೆಯ ಅಧ್ಯಕ್ಷರು ವಿದೇಶೀ ನೆರವನ್ನು ತಡೆಹಿಡಿದರು. ಜುಲೈ ೧ಕ್ಕೆ ಯುಎಸ್‌ಎಐಡಿ ಸಂಸ್ಥೆಯ ಕಾರ್ಯವೇ ಮುಗಿಯಿತು. ಆಫ್ರಿಕಾದ ಹಲವೆಡೆ ಆ ಹಣವನ್ನೇ ನಂಬಿದ್ದ ಚಿಕಿತ್ಸಾಲಯಗಳ ಬಾಗಿಲು ಮುಚ್ಚಿದುವು. ಅದು ಸರ್ಕಾರದ ಹಣ, ಖಾಸಗಿ ದಾನವಲ್ಲವೆಂಬುದು ದಿಟ. ಆದರೆ ಕೊಡುವವನ ಮನಸ್ಸು ತಿರುಗಿದರೆ ಪಡೆಯುವವನ ಗತಿ ಎರಡರಲ್ಲಿಯೂ ಒಂದೇ. ನಮ್ಮ ವಿದೇಶೀ ವಂತಿಗೆ ಕಾನೂನಿಗೆ ೨೦೨೦ರಲ್ಲಿ ಆದ ತಿದ್ದುಪಡಿಯು ಬಂದ ಹಣವನ್ನು ಬೇರೆ ಸಂಸ್ಥೆಗೆ ದಾಟಿಸಬಾರದೆಂದೂ, ಆಡಳಿತದ ವೆಚ್ಚ ನೂರಕ್ಕೆ ೨೦ನ್ನು ಮೀರಬಾರದೆಂದೂ ಕಟ್ಟುಮಾಡಿದೆ. ಇದು ಹಣಕ್ಕೆ ಹಾಕಿದ ಕಡಿವಾಣ. ಹಣ ಮುಗಿದ ಮೇಲೆ ಹಳ್ಳಿಯಲ್ಲಿ ಏನು ಉಳಿಯಬೇಕೆಂಬುದನ್ನು ಕಾನೂನು ಹೇಳದು. ಅದನ್ನು ಹೇಳಬೇಕಾದವರು ಗ್ರಾಮಸ್ಥರೇ.

ಆದಕಾರಣ ನಮ್ಮ ಸೂಚನೆಗಳು ಇವು. ಹೊಸ ಕಟ್ಟಡಕ್ಕೆ ಹಣ ಸುರಿಯುವ ಬದಲು, ಗ್ರಾಮಪಂಚಾಯತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂದು ಕರೆಯಿಸಿಕೊಳ್ಳುತ್ತಿರುವುದರಿಂದ, ಅಲ್ಲಿಯೇ ಈ ಕಲಿಕೆಯೂ ನಡೆಯಲಿ. ಬೋಧನೆ ಕನ್ನಡದಲ್ಲಿಯೇ, ಹಳ್ಳಿಗರ ಆಡುಮಾತಿನಲ್ಲಿಯೇ ಆಗಲಿ. ಉಣುಗನ್ನು ಉಣುಗೆಂದೇ ಕರೆಯದ ಪಾಠ ಯಾರ ತಲೆಗೂ ಹತ್ತದು. ಕಲಿಸುವ ಹೊಣೆ ಮನೆಮನೆಯ ಪರಿಚಯವುಳ್ಳ ಆಶಾ ಕಾರ್ಯಕರ್ತೆಯರಿಗೂ ಊರಿನ ವಿದ್ಯಾವಂತ ತರುಣರಿಗೂ ಬರಲಿ, ಅವರ ಶ್ರಮಕ್ಕೆ ತಕ್ಕ ಸಂಭಾವನೆಯೂ ಸಲ್ಲಲಿ. ಖರ್ಚಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಹೇಳಲಿ. ಇಂತಿಷ್ಟು ವರ್ಷಕ್ಕೆ ದಾನಿಯ ಪಾಲು ಮುಗಿದು ಪಂಚಾಯತಿಯ ಪಾಲು ಪೂರ್ಣವಾಗತಕ್ಕದ್ದೆಂದು ಕರಾರಿನಲ್ಲಿ ಕಾಣಿಸಲಿ. ಸದುದ್ದೇಶವುಳ್ಳ ಯಾವ ಸಂಸ್ಥೆಯೂ ಇದಕ್ಕೆ ಅಸಮ್ಮತಿ ಸೂಚಿಸಲಾರದು. ಸೂಚಿಸಿದರೆ ಅದರ ಉದ್ದೇಶವನ್ನು ಆಗಲೇ ವಿಚಾರಿಸಬಹುದು.

ಎರವಿನ ಒಡವೆಯಿಂದ ಮದುವೆ ಸಾಗೀತು, ಸಂಸಾರ ಸಾಗದು. ಉದ್ಘಾಟನೆಯ ದಿನ ದೀಪ ಹಚ್ಚುವವರು ಯಾರೆಂಬ ಚರ್ಚೆ ಹೇಗೂ ನಡೆದೇ ನಡೆಯುವುದು. ಅದಕ್ಕೆ ಮೊದಲು, ಐದು ವರ್ಷಗಳ ಮೇಲೆ ಆ ಬಾಗಿಲಿನ ಬೀಗದ ಕೈ ಯಾರ ಬಳಿ ಇರುವುದೆಂಬ ಪ್ರಶ್ನೆಯನ್ನು ಗ್ರಾಮಸಭೆಯು ಎತ್ತಿ, ಉತ್ತರವನ್ನು ಬರಹದಲ್ಲಿ ಪಡೆಯಲಿ.