ಒಂಬತ್ತು ಸಾಕಾದಲ್ಲಿ ಹದಿನೈದೇಕೆ?

ಎಸ್ಪ್ರೆಸ್ಸೊ ಕಾಫಿಯ ಯಂತ್ರ ಈಗ ಹೋಟೆಲಿನಿಂದೆದ್ದು ಅಡಿಗೆಮನೆಗೆ ಬಂದು ಕುಳಿತಿದೆ. ಬೆಲೆ ಕೆಲವು ಸಾವಿರದಿಂದ ಮೊದಲಾಗಿ ಲಕ್ಷವನ್ನೂ ದಾಟುತ್ತದೆ. ಕೈಯಲ್ಲಿ ಹಣವಿಲ್ಲದಿದ್ದರೆ ಕಂತಿನ ಮೇಲೆ ಕೊಡುತ್ತಾರೆ. ಹೆಚ್ಚು ಕೊಟ್ಟಷ್ಟೂ ಹೆಚ್ಚು ರುಚಿ ಎಂಬುದು ಮಾರುವವರ ಮಂತ್ರ. ನಮ್ಮವರೂ ಇದಕ್ಕೆ ತಲೆದೂಗತೊಡಗಿರುವುದರಿಂದ ನಾವು ಎರಡು ಮಾತು ಹೇಳಲೇಬೇಕಾಗಿದೆ.

ಕೂಲಿಕಾರನಿಗೆ ರುಚಿಯ ಕಾಫಿ ಏಕೆ ಎಂದು ಕೇಳುವ ಧನಿಕರ ಸಾಲಿನಲ್ಲಿ ನಾವಿಲ್ಲ. ಎಂಟು ಗಂಟೆ ನಿಂತು ದುಡಿದವನಿಗಲ್ಲದೆ ಒಳ್ಳೆಯ ಕಾಫಿ ಇನ್ನಾರಿಗೆ? ನಮ್ಮ ಪ್ರಶ್ನೆ ಇಷ್ಟೇ: ಕೊಟ್ಟ ಹಣ ಲೋಟಕ್ಕೆ ಬರುತ್ತದೆಯೋ, ಅಂಗಡಿಯವನ ಲಾಭಕ್ಕೆ ಹೋಗುತ್ತದೆಯೋ?

ಮೊದಲು ಒತ್ತಡದ ಮಾತು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟು ಪಡೆದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದೇ ಊರಿನ ಅಕಿಲೆ ಗಾಜಿಯಾ ಸನ್ನೆಕೋಲಿನ ಯಂತ್ರ ತಂದು ಒತ್ತಡವನ್ನು ಬಹಳವಾಗಿ ಏರಿಸಿದ. ಲೋಟದ ಮೇಲೆ ಹೊಂಬಣ್ಣದ ನೊರೆ ನಿಂತದ್ದು ಆಗಲೇ. ಇಂದಿಗೂ ಎಸ್ಪ್ರೆಸ್ಸೊಗೆ ವಾಡಿಕೆಯ ಒತ್ತಡ ಸುಮಾರು 9 ಬಾರ್. ಸುಮಾರು 18 ಗ್ರಾಂ ಪುಡಿ, 25ರಿಂದ 30 ಸೆಕೆಂಡು, ಕುದಿಯುವುದಕ್ಕಿಂತ ಕೊಂಚ ಕಡಿಮೆ ಬಿಸಿಯ ನೀರು, ಗುಟ್ಟೆಲ್ಲ ಇಷ್ಟೇ. ಹಾಗಾದರೆ ಪೆಟ್ಟಿಗೆಯ ಮೇಲೆ 15 ಎಂದೂ 20 ಎಂದೂ ದಪ್ಪಕ್ಷರದಲ್ಲಿ ಅಚ್ಚು ಹಾಕುವುದೇಕೆ? ಅದು ಪಂಪು ಹೆಚ್ಚೆಂದರೆ ಎಷ್ಟು ತಳ್ಳಬಲ್ಲುದೆಂಬ ಲೆಕ್ಕವೇ ಹೊರತು ರುಚಿಯ ಲೆಕ್ಕವಲ್ಲ. ಒಂಬತ್ತು ಸಾಕಾದಲ್ಲಿ ಇಪ್ಪತ್ತನ್ನು ತೋರಿಸುವುದು ವ್ಯಾಪಾರದ ಕಣ್ಕಟ್ಟು.

ನಮ್ಮ ಸಂಗಾತಿಯೊಬ್ಬರು ಈ ಅಂಕಿಗೆ ಮರುಳಾಗಿ ಯಂತ್ರ ತಂದರು. ಇಳಿದದ್ದು ಹುಳಿ ನೀರು. ಕೇಳಿದರೆ ಇನ್ನೂ ದೊಡ್ಡ ಯಂತ್ರ ಕೊಳ್ಳಿರೆಂದು ಅಂಗಡಿಯವರ ಸಲಹೆ! ದೋಷವಿದ್ದುದು ಯಂತ್ರದಲ್ಲಲ್ಲ, ತಿಂಗಳ ಹಿಂದೆ ದಪ್ಪಗೆ ಬೀಸಿಸಿ ಡಬ್ಬಿಯಲ್ಲಿಟ್ಟ ಪುಡಿಯಲ್ಲಿ.

ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಡಿಂಗ್ ಕೆಟ್ಟಿದ್ದರೆ ರಿಂಗ್ ಫ್ರೇಮು ಎಷ್ಟು ಹೊಸದಾದರೂ ನೂಲು ಗಂಟುಗಂಟೇ. ಕಾಫಿಯಲ್ಲಿ ಆ ಕಾರ್ಡಿಂಗ್ ಎಂದರೆ ಬೀಜ ಬೀಸುವುದು. ಮಿಕ್ಸಿಯ ಅಲಗು ಬೀಜವನ್ನು ಚಚ್ಚುತ್ತದೆ. ಒಂದು ಕಣ ಧೂಳು, ಇನ್ನೊಂದು ನುಚ್ಚು. ಧೂಳಿನಿಂದ ಕಹಿ, ನುಚ್ಚಿನಿಂದ ಹುಳಿ. ಹಲ್ಲುಚಕ್ರಗಳ ನಡುವೆ ಸಮನಾಗಿ ಅರೆಯುವ ಒಳ್ಳೆಯ ಗ್ರೈಂಡರು, ಕೈಯಿಂದ ತಿರುಗಿಸುವುದಾದರೂ ಸರಿ, ಅದಕ್ಕೆ ಹಣ ಹಾಕಿದರೆ ಲೋಟಕ್ಕೆ ಬರುತ್ತದೆ. ಹೊಸದಾಗಿ ಹುರಿದ ಬೀಜಕ್ಕೆ ಹಾಕಿದ್ದೂ ಬರುತ್ತದೆ. ನೀರಿನ ಬಿಸಿ ಏರಿಳಿಯದಂತೆ ಕಾಯುವ ವ್ಯವಸ್ಥೆಗೆ ಕೊಟ್ಟದ್ದೂ ಬರುತ್ತದೆ. ಆದರೆ ಥಳಥಳಿಸುವ ತಗಡಿಗೂ ಗುಂಡಿಗಳ ಸಾಲಿಗೂ ಕೊಟ್ಟದ್ದು ಬಾರದು. ಬೋರ್‌ವೆಲ್ಲಿನ ಗಡಸು ನೀರು ಹೊಯ್ದರೆ ಲಕ್ಷದ ಯಂತ್ರದೊಳಗೂ ಸುಣ್ಣ ಕಟ್ಟುತ್ತದೆ. ಅದು ಬೆಲೆ ನೋಡುವುದಿಲ್ಲ.

ಈಗ ಲೆಕ್ಕ. ಲಕ್ಷ ರೂಪಾಯಿಯ ಯಂತ್ರದಲ್ಲಿ ದಿನಕ್ಕೆ ಎರಡು ಲೋಟದಂತೆ ಐದು ವರ್ಷಕ್ಕೆ 3,650 ಲೋಟ. ಯಂತ್ರದ ಬಾಬ್ತೇ ಲೋಟಕ್ಕೆ 27 ರೂಪಾಯಿ! ಪುಡಿ, ಹಾಲು, ಕಂತಿನ ಬಡ್ಡಿ ಬೇರೆ. ಅದೇ ದಿನಕ್ಕೆ ನೂರು ಲೋಟ ಮಾರುವ ಹೋಟೆಲಿನವರು ಮೂರು ಲಕ್ಷದ್ದನ್ನೇ ಕೊಂಡರೂ ಲೋಟಕ್ಕೆ ಎರಡು ರೂಪಾಯಿಯೊಳಗೆ ತೀರುತ್ತದೆ. ಅಲ್ಲಿ ಅದು ದುಡಿಯುವ ಸಾಧನ. ಮನೆಯ ಕಟ್ಟೆಯ ಮೇಲೆ ಒಡವೆ. ಚಿಕ್ಕ ವ್ಯಾಪಾರಿಗಳು ಈ ಭೇದವನ್ನು ಮರೆಯಬಾರದು.

ಎಸ್ಪ್ರೆಸ್ಸೊದ ತವರಾದ ಇಟಲಿಯಲ್ಲಿ ಏನು ನಡೆಯುತ್ತದೆ? ದೊಡ್ಡ ಯಂತ್ರ ಬೀದಿಯ ಕಾಫಿಯಂಗಡಿಯಲ್ಲಿರುತ್ತದೆ. ಕೂಲಿಕಾರನೂ ವಕೀಲನೂ ಒಂದೇ ಕಟ್ಟೆಗೆ ನಿಂತು ಕುಡಿದು ಹೋಗುತ್ತಾರೆ. ಮನೆಯಲ್ಲಿ 1933ರಲ್ಲಿ ಬಂದ ಮೋಕಾ ಎಂಬ ಪುಟ್ಟ ಪಾತ್ರೆಯೇ ಗತಿ. ನಮ್ಮ ಹಿತ್ತಾಳೆಯ ಫಿಲ್ಟರಿಗೆ ಅದು ದಾಯಾದಿ. ಒಂದು ಯಂತ್ರವನ್ನು ನೂರು ಜನ ಹಂಚಿಕೊಳ್ಳುವ ವಿವೇಕ ನಮಗೂ ಹೊಸದಲ್ಲ. ಕಾಫಿ ಬೋರ್ಡು ತನ್ನ ಕಾಫಿಹೌಸುಗಳನ್ನು ಮುಚ್ಚತೊಡಗಿದಾಗ, 1957ರಲ್ಲಿ, ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವರೇ ಸಹಕಾರ ಸಂಘ ಕಟ್ಟಿಕೊಂಡರು.

ಕೊನೆಯದಾಗಿ, ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ನಮ್ಮ ಕರ್ನಾಟಕದಲ್ಲಿ. ಇಟಲಿ ಅದರ ದೊಡ್ಡ ಗಿರಾಕಿ. ಯಂತ್ರಕ್ಕೆ ಸುರಿದ ಲಕ್ಷದಲ್ಲಿ ಚಿಕ್ಕಮಗಳೂರಿನ ತೋಟದಲ್ಲಿ ಹಣ್ಣು ಬಿಡಿಸುವ ಹೆಣ್ಣಾಳಿಗೆ ಒಂದು ಕಾಸೂ ಸೇರದು. ಬೀಜಕ್ಕೆ ಹೆಚ್ಚು ಕೊಟ್ಟರೂ ತಾನಾಗಿ ಸೇರದು, ನಿಜ. ಅದಕ್ಕೆ ಹೋರಾಟವೇ ಬೇಕು. ಆದರೆ ಬೀಜದ ಬೆಲೆಯಲ್ಲಿ ತನ್ನ ಪಾಲೆಲ್ಲಿ ಎಂದು ಕೇಳುವ ಹಕ್ಕು ಅವಳಿಗುಂಟು. ಆದುದರಿಂದ ಬಂಧುಗಳೇ, ಹೆಚ್ಚು ಕೊಡುವುದಾದರೆ ಬೀಜಕ್ಕೆ ಕೊಡಿ, ಬೀಸುವುದಕ್ಕೆ ಕೊಡಿ. ಪೆಟ್ಟಿಗೆಯ ಮೇಲಿನ ಅಂಕಿಗೆ ಕೊಡಬೇಡಿ.