ಜೋಗುಳಕ್ಕೊಂದು ಏರಿಳಿತ

ಮಗಳು ಕೀಬೋರ್ಡಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಜೋಗುಳ ಕೇಳಿ ನಮ್ಮತ್ತೆ, "ಇದೇನೇ, ಮಗ್ಗಿ ಒಪ್ಪಿಸಿದ ಹಾಗಿದೆ!" ಅಂದುಬಿಟ್ಟರು. ಹುಡುಗಿಯ ಮುಖ ಬಾಡಿತು. ನಾದಿನಿಯ ಕೂಸಿನ ನಾಮಕರಣಕ್ಕೆಂದು ವಾರವೆಲ್ಲ ಕೂತು ನುಡಿಸಿದ್ದಳು, ಪಾಪ. ಉಳಿದದ್ದು ಎರಡೇ ದಿನ.

ನೋಡಿದರೆ 'ಟಚ್' ಆಫ್ ಆಗಿದೆ! ಹಾಗಿದ್ದರೆ ಬೆರಳು ಮೆಲ್ಲಗಿಟ್ಟರೂ, ಕುಟ್ಟಿದರೂ ಒಂದೇ ಸದ್ದು. ಟಚ್ ಆನ್ ಇದ್ದರೆ ಕೀ ಒತ್ತಿದ ವೇಗವನ್ನು ಯಂತ್ರ 1ರಿಂದ 127ರವರೆಗಿನ ಅಂಕಿಯಾಗಿ ಬರೆದುಕೊಳ್ಳುತ್ತದೆ. 1983ರಲ್ಲಿ ಬಂದ 'ಮಿಡಿ' ಪದ್ಧತಿಯ ಲೆಕ್ಕವಂತೆ ಅದು. ಈ ಅಂಕಿಗಳನ್ನು ಆಮೇಲೂ ಒಂದೊಂದಾಗಿ ತಿದ್ದಬಹುದು. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆ ಬೇಕು, ಅಷ್ಟೆ. ನಾವು ತಾಳದ ಟ್ರ್ಯಾಕ್ ಹಾಗೇ ಬಿಟ್ಟು, ರಾಗದ್ದನ್ನು ಮಾತ್ರ ಟಚ್ ಹಾಕಿ ಮತ್ತೆ ನುಡಿಸಿದೆವು.

ಆದರೂ ಕೊಳಲಿನ ಉದ್ದ ಸ್ವರ ಪೆಚ್ಚಾಗಿಯೇ ಇತ್ತು. ಒತ್ತಿದ ಮೇಲೆ ಬೆರಳಿಗೆ ಅದರ ಮೇಲೆ ಹಿಡಿತವಿಲ್ಲ ನೋಡಿ! ಅದಕ್ಕೆ 'ಎಕ್ಸ್‌ಪ್ರೆಶನ್' ಪೆಡಲ್ ಬೇಕು. ಕಾಲಿನಿಂದ ನಿಧಾನವಾಗಿ ಒತ್ತಿದರೆ ಸ್ವರ ತುಂಬಿಕೊಳ್ಳುತ್ತದೆ, ಹಿಂದೆ ಬಿಟ್ಟರೆ ಕರಗುತ್ತದೆ. ಪಕ್ಕದ ಮನೆಯಿಂದ ಕಡ ತಂದೆ. ದೊಡ್ಡ ವಾಲ್ಯೂಮ್ ಗುಂಡಿ ತಿರುಗಿಸಿ ಏನೂ ಪ್ರಯೋಜನವಿಲ್ಲ, ನಮ್ಮ ಕೀಬೋರ್ಡಿನಲ್ಲಿ ಅದು ರೆಕಾರ್ಡ್ ಆಗುವುದೇ ಇಲ್ಲ.

ನಾಮಕರಣದ ದಿನ ಹಾಡು ಹಾಕಿದಾಗ ಅತ್ತೆ ಏನೂ ಅನ್ನಲಿಲ್ಲ. ತೊಟ್ಟಿಲು ತೂಗುತ್ತಾ ಇದ್ದರು.