ಬೆಳೆಯೋದು ರಾಗಿ, ಕೊಳ್ಳೋದು ಗೋಧಿ ಹಿಟ್ಟು



ನಿಮ್ಮ ಮನೆಯ ಅಂಗಡಿ ಲೆಕ್ಕದ ಪುಸ್ತಕವನ್ನು ಒಂದು ಸಲ ತೆಗೆದು ನೋಡಿ. ಹಿಂದೆ ಎಣ್ಣೆ, ಬೆಲ್ಲ, ಸೀಮೆಎಣ್ಣೆ ಇದ್ದ ಪುಸ್ತಕದಲ್ಲಿ ಈಗ ಗೋಧಿ ಹಿಟ್ಟಿನ ಪಾಕೀಟು, ಮೈದಾ, ರವೆ, ಬ್ರೆಡ್ಡು, ಬಿಸ್ಕತ್ತು ತುಂಬಿವೆ. ಇವೆಲ್ಲ ಗೋಧಿಯೇ. ನಮ್ಮ ಮಳೆಯಾಶ್ರಿತ ಸೀಮೆಯಲ್ಲಿ ಯಾರ ಹೊಲದಲ್ಲೂ ಗೋಧಿ ಇಲ್ಲ. ಇರುವುದು ರಾಗಿ. ಅದನ್ನು ಕಣದಲ್ಲೇ ಅಳೆದುಕೊಟ್ಟು, ಬಂದ ಕಾಸಿನಲ್ಲಿ ಬೇರೆ ಸೀಮೆಯ ಹಿಟ್ಟು ತಂದು ತಿನ್ನುತ್ತಿದ್ದೇವೆ. ಇದು ಆರೋಗ್ಯದ ಮಾತೂ ಹೌದು, ಸಾಲದ ಮಾತೂ ಹೌದು.

ನಾನೂ ಇದೇ ದಾರಿ ಹಿಡಿದವನೇ. ಸಕ್ಕರೆ ಕಾಯಿಲೆ ಕಂಡಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ." ಸರಿ, ಮನೆಮಂದಿಗೆಲ್ಲ ಚಪಾತಿ ಶುರುವಾಯಿತು. ಎರಡು ತಿನ್ನಬೇಕಾದವನು ಐದು ತಿಂದೆ, ಚಪಾತಿ ಅಂದರೆ ಔಷಧಿ ಅಂತಲೇ ನಂಬಿದ್ದೆನಲ್ಲ! ಸಕ್ಕರೆ ಇಳೀಲಿಲ್ಲ. ಅಂಗಡಿ ಬಾಕಿ ಮಾತ್ರ ಏರಿತು.

ಆಗ ಲೆಕ್ಕ ಹಾಕಿದೆ. ಐದು ಜನರ ಮನೆ. ದಿನಕ್ಕೆ ಮುಕ್ಕಾಲು ಕಿಲೋ ಹಿಟ್ಟು ಅಂದರೆ ವರ್ಷಕ್ಕೆ ಸುಮಾರು 270 ಕಿಲೋ. ಕಿಲೋಗೆ 45 ರೂಪಾಯಿಯಂತೆ 12,150 ರೂಪಾಯಿ. 2022-23ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 3,578 ರೂಪಾಯಿ. ಆದರೆ ಖರೀದಿ ಕೇಂದ್ರದ ಬಾಗಿಲು ತೆಗೆಯುವ ತನಕ ಸಾಲಗಾರ ಕಾಯಬೇಕಲ್ಲ! ವ್ಯಾಪಾರಿಗೆ 2,600ಕ್ಕೆ ಕೊಟ್ಟೆ. ಅದೇ 270 ಕಿಲೋ ರಾಗಿಗೆ ನನಗೆ ಸಿಕ್ಕಿದ್ದು 7,020 ರೂಪಾಯಿ. ರಾಗಿ ಕೊಟ್ಟು ಗೋಧಿ ತಂದ ಈ ಜಾಣತನಕ್ಕೆ ನಾನು ತೆತ್ತದ್ದು 5,130 ರೂಪಾಯಿ. ಬೀಸುವ ಕೂಲಿ ಕಳೆದರೂ ದೊಡ್ಡ ನಷ್ಟವೇ. ಅದೂ ಸಾಲದ ದುಡ್ಡು.

ಗೋಧಿ ನಮ್ಮ ತಟ್ಟೆಗೆ ತಾನಾಗಿ ಬಂದದ್ದಲ್ಲ. 1954ರಲ್ಲಿ ಅಮೆರಿಕ ಪಿ.ಎಲ್. 480 ಅನ್ನುವ ಕಾಯಿದೆ ಮಾಡಿ, ತನ್ನಲ್ಲಿ ಮಿಕ್ಕಿದ ಧಾನ್ಯವನ್ನು ಹೊರದೇಶಗಳಿಗೆ ಕಳಿಸಲು ದಾರಿ ಮಾಡಿಕೊಂಡಿತು. 1965-66ರ ಬರದಲ್ಲಿ ಹಡಗುಗಟ್ಟಲೆ ಗೋಧಿ ಬಂತು. ಆಮೇಲೆ ಮೆಕ್ಸಿಕೋದ ಗಿಡ್ಡ ತಳಿ, ಕಾಲುವೆ ನೀರು, ರಸಗೊಬ್ಬರ, ಸರ್ಕಾರದ ಖರೀದಿ ಎಲ್ಲ ಸೇರಿ ಪಂಜಾಬು, ಹರಿಯಾಣದ ಹೊಲ ತುಂಬಿತು. ದೇಶದ ಹಸಿವು ನೀಗಿತು, ಇಲ್ಲ ಅನ್ನಲಾರೆ. ಆದರೆ ಸರ್ಕಾರದ ತಕ್ಕಡಿ ಗೋಧಿ, ಭತ್ತ ಎರಡರ ಮುಂದೆಯೇ ನಿಂತುಬಿಟ್ಟಿತು. ರಾಗಿ, ಜೋಳ, ಸಜ್ಜೆಗೆ 'ಒರಟು ಧಾನ್ಯ' ಅಂತ ಹೆಸರಿಟ್ಟರು. ತಿನ್ನುವವನೂ ಒರಟನಾದ.

ಗೋಧಿ ಬೆಳೆಯುವ ರೈತನ ಮೇಲೆ ನನಗೆ ಹಗೆ ಇಲ್ಲ. 2020-21ರಲ್ಲಿ ದಿಲ್ಲಿಯ ಗಡಿಯಲ್ಲಿ ಒಂದು ವರ್ಷಕ್ಕೂ ಮೀರಿ ಕೂತು ಮೂರು ಕಾಯಿದೆಗಳನ್ನು ವಾಪಸು ತೆಗೆಸಿದವರಲ್ಲಿ ಅವನೇ ಮುಂದಿದ್ದ. ಗೋಧಿಯೇನೂ ವಿಷವಲ್ಲ. ನಮ್ಮ ಬಡಗಣ ಸೀಮೆಯ ಬಂಧುಗಳು ಜವೆ ಗೋಧಿ ಬೆಳೆದು ಹುಗ್ಗಿ ಮಾಡಿ ಉಣ್ಣುತ್ತಾರೆ. ಬೆಳೆದವರು ಉಣ್ಣಲಿ, ಅದು ನ್ಯಾಯ. ಗೋಧಿಯ ಅಂಟು, ಅಂದರೆ ಗ್ಲುಟೆನ್, ಒಗ್ಗದ ಕೆಲವರಿದ್ದಾರೆ. ಸೀಲಿಯಾಕ್ ಕಾಯಿಲೆಯವರು ಅದನ್ನು ಪೂರ್ತಿ ಬಿಡಲೇಬೇಕು. ಉಳಿದವರಿಗೆ ಕೆಡುಕು ಮಾಡುವುದು ಹೆಚ್ಚಾಗಿ ಹೊಟ್ಟು ತೆಗೆದ ಮೈದಾ. ಬೇಕರಿ ತಿಂಡಿ, ಪರೋಟ, ಬಿಸ್ಕತ್ತು ಎಲ್ಲ ಅದರದ್ದೇ.

ರಾಗಿಯ ವಿಚಾರವನ್ನೂ ಇದ್ದದ್ದು ಇದ್ದ ಹಾಗೆ ಹೇಳೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಗೋಧಿಯಲ್ಲಿ ಅದರ ಹತ್ತನೇ ಒಂದು ಭಾಗದ ಆಸುಪಾಸು. ಬೆಳೆಯುವ ಮಕ್ಕಳಿಗೆ, ಬಾಣಂತಿಗೆ, ಮೂಳೆ ಸವೆದ ಮುದುಕರಿಗೆ ಇದು ಸಣ್ಣ ಮಾತಲ್ಲ. ಸಸಾರಜನಕ ಮಾತ್ರ ಗೋಧಿಯಲ್ಲೇ ಹೆಚ್ಚು. ಅದಕ್ಕೇ ನಮ್ಮ ಹಿರಿಯರು ಮುದ್ದೆಗೆ ಹುರುಳಿ, ಅವರೆ, ಸೊಪ್ಪಿನ ಸಾರು ಜೋಡಿಸಿದ್ದು. ಸಕ್ಕರೆ ಕಾಯಿಲೆಯವರು ಇನ್ನೊಂದು ಮಾತು ಕೇಳಿ: ರಾಗಿಯಲ್ಲೂ ಪಿಷ್ಟ ಇದೆ. ಮುದ್ದೆ ತೆಂಗಿನಕಾಯಿ ಗಾತ್ರ ಆದರೆ ಅದೂ ಸಕ್ಕರೆ ಏರಿಸುತ್ತದೆ. ನುಣ್ಣಗೆ ಬೀಸಿ ಬೆಲ್ಲ ಹಾಕಿದ ಗಂಜಿ ಇನ್ನೂ ಬೇಗ ಏರಿಸುತ್ತದೆ. ನಾನು ಈಗ ಸಣ್ಣ ಮುದ್ದೆ ಒಂದು, ಕಾಳಿನ ಸಾರು ಎರಡು ಸೌಟು ಅಂತ ಮಾಡಿಕೊಂಡಿದ್ದೇನೆ. ಮಾತ್ರೆ ಬಿಟ್ಟಿಲ್ಲ, ನೀವೂ ಬಿಡಬೇಡಿ.

ಹಾಗಾದರೆ ನಾವು ಮುದ್ದೆ ಬಿಟ್ಟದ್ದೇಕೆ? ಒಂದು, ಮಾನದ ಪ್ರಶ್ನೆ. ಬೀಗರು ಬಂದರೆ ಚಪಾತಿ, ಮುದ್ದೆ ಅಡಿಗೆಮನೆಯ ಮರೆಯಲ್ಲಿ. ಇನ್ನೊಂದನ್ನು ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ: ರಾಗಿ ಕೇರಿ, ಒನೆದು, ಕಲ್ಲು ಆರಿಸಿ, ಮಿಲ್ಲಿಗೆ ಹೊತ್ತು, ಉರಿ ಮುಂದೆ ನಿಂತು ತಿರುವುವವರು ಹೆಂಗಸರು. ಅವರು ಪಾಕೀಟು ಕೇಳಿದರೆ ತಪ್ಪೇನು? ಮಿಲ್ಲಿಗೆ ಮೂಟೆ ನಾವು ಹೊರೋಣ. ಸಹಕಾರ ಸಂಘದಲ್ಲಿ ರಾಗಿ ಸ್ವಚ್ಛ ಮಾಡುವ ಯಂತ್ರ ಇಡಿಸೋಣ.

ಇನ್ನು ಸರ್ಕಾರದ ಮಾತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತು. ಪಟ್ಟಣದಲ್ಲಿ ರಾಗಿ ಬಿಸ್ಕತ್ತಿಗೂ ಗೌರವ ಬಂತು. 2025-26ಕ್ಕೆ ಬೆಂಬಲ ಬೆಲೆ 4,886 ರೂಪಾಯಿ ಅಂತ ಗೊತ್ತುಮಾಡಿದರು. ಸಂತೋಷ. ಆದರೆ ಕಾಗದದ ಬೆಲೆ ಕಣಕ್ಕೆ ಬರಬೇಡವೇ? 2021-22ರಲ್ಲಿ ಸಣ್ಣ, ಅತಿಸಣ್ಣ ರೈತರ ರಾಗಿ ಮಾತ್ರ ಕೊಳ್ಳುತ್ತೇವೆ ಅಂದದ್ದು ಮರೆತಿಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಬೆಳೆಯುವವರು ನಾವು. ಸುಗ್ಗಿ ಕಣದಲ್ಲಿರುವಾಗಲೇ ಕೇಂದ್ರ ತೆಗೆಯಿರಿ, ಮಿತಿ ಇಲ್ಲದೆ ಕೊಳ್ಳಿರಿ, ಪಡಿತರಕ್ಕೂ ಹಾಸ್ಟೆಲಿಗೂ ಅದೇ ರಾಗಿ ಕೊಡಿರಿ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ.

ಈ ಬೇಡಿಕೆಗೆ ಬಲ ಬರಬೇಕಾದರೆ ನಮ್ಮ ಕೈಯಲ್ಲಿ ಮಾಲು ಇರಬೇಕು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಕೆಡದೆ ಉಳಿದು ಗೆದ್ದದ್ದು ರಾಗಿ. ಅಜ್ಜಂದಿರು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟದ್ದೂ ಅದನ್ನೇ. ಕೆಡದ ಕಾಳಿದ್ದೂ ಕಣದಲ್ಲೇ ಮಾರುತ್ತೇವೆ ಅಂದರೆ ಸಾಲ ನಮ್ಮ ಕೈ ಕಟ್ಟಿದೆ ಅಂತ ತಾನೆ ಅರ್ಥ? ಕಟ್ಟು ಒಂದೇ ದಿನಕ್ಕೆ ಬಿಚ್ಚುವುದಿಲ್ಲ. ಈ ಸುಗ್ಗಿಯಲ್ಲಿ ಇಷ್ಟು ಮಾಡಿ: ವ್ಯಾಪಾರಿಯ ತಕ್ಕಡಿ ಕಣಕ್ಕೆ ಇಳಿಯುವ ಮೊದಲು ಮನೆಗೆ ಮೂರು ಕ್ವಿಂಟಾಲ್ ರಾಗಿ ಎತ್ತಿಡಿ. ಐದು ಜನರಿಗೆ ವರ್ಷಪೂರ್ತಿ ಒಂದು ಹೊತ್ತಿಗೆ ಅದು ಸಾಕು. ಬರುವ ವರ್ಷ ಅಂಗಡಿ ಪುಸ್ತಕವನ್ನು ಮತ್ತೆ ತೆಗೆದು ನೋಡಿ, ಬಾಕಿ ಎಷ್ಟು ಇಳಿಯಿತು ಅಂತ ಸಂಘದ ಸಭೆಯಲ್ಲಿ ಹೇಳಿ.